ಮೂರು ದನಿಯ ಚಿಪ್

ಕಮೊಡೋರ್ 64 ಕಂಪ್ಯೂಟರಿನ ಮುಚ್ಚಳ ತೆಗೆದರೆ ಬೋರ್ಡಿನ ಮೇಲೆ 28 ಕಾಲಿನ ಒಂದು ಐಸಿ ಕಾಣುತ್ತದೆ. ಮೈಮೇಲೆ 6581 ಎಂಬ ಅಚ್ಚು. ಸ್ವಲ್ಪ ಹೊತ್ತು ಓಡಿದ ಮೇಲೆ ಬೆರಳಿಟ್ಟರೆ ಚುರುಗುಟ್ಟುತ್ತದೆ. ಎಲ್ಲರೂ ಇದನ್ನು ಸಿಡ್ ಎನ್ನುತ್ತಾರೆ. ಆರ್ಕೆಸ್ಟ್ರಾದವರ ಕೀಬೋರ್ಡು, ಆಂಪ್ಲಿಫೈಯರು ರಿಪೇರಿ ಮಾಡಿಕೊಂಡು ಬದುಕಿದವನು ನಾನು. ಎಷ್ಟೋ ಬಗೆಯ ಐಸಿಗಳನ್ನು ಬಿಚ್ಚಿ ಹಾಕಿದ್ದೇನೆ. ಅವುಗಳಲ್ಲಿ ಇದೊಂದನ್ನು ವಾದ್ಯ ಎಂದು ಕರೆಯಲು ನನಗೆ ಯಾವ ಸಂಕೋಚವೂ ಇಲ್ಲ.

ಇದನ್ನು ರೂಪಿಸಿದವರು ಬಾಬ್ ಯಾನ್ನೆಸ್. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಮೊಡೋರ್ ಕಂಪನಿಗೆ ಸೇರಿದ್ದ ಎಂಓಎಸ್ ಟೆಕ್ನಾಲಜಿ ಎಂಬ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು. ಆ ಕಾಲದ ಮನೆ ಕಂಪ್ಯೂಟರುಗಳಲ್ಲಿ ಶಬ್ದ ಎಂದರೆ ಬೀಪ್, ಹೆಚ್ಚೆಂದರೆ ಒಂದೆರಡು ಚೌಕ ತರಂಗ. ಆ ಚಿಪ್‌ಗಳನ್ನು ಮಾಡಿದವರಿಗೆ ಸಂಗೀತದ ಗಂಧವೇ ಇಲ್ಲ ಎಂಬುದು ಯಾನ್ನೆಸ್ ಅವರ ದೂರು. ಅವರಿಗೆ ಸಿಂಥಸೈಜರಿನ ಹುಚ್ಚು. ಹಾಗಾಗಿ 1981ರಲ್ಲಿ ಹೊಸ ಕಂಪ್ಯೂಟರಿಗೆ ಶಬ್ದದ ಚಿಪ್ ಬೇಕು ಎಂದಾಗ ಅವರು ಒಂದಿಡೀ ಸಿಂಥಸೈಜರನ್ನೇ ಸಿಲಿಕಾನ್ ಚೂರಿನೊಳಗೆ ತುರುಕಲು ಹೊರಟರು. ಮನಸ್ಸಿನಲ್ಲಿದ್ದದ್ದು ಇನ್ನೂ ಎಷ್ಟೋ ಹೆಚ್ಚು ದನಿಗಳಿರುವ ವಿನ್ಯಾಸ. ಆದರೆ 1982ರ ಜನವರಿಯಲ್ಲಿ ಲಾಸ್ ವೇಗಸ್‌ನ ಮೇಳದಲ್ಲಿ ಕಂಪ್ಯೂಟರನ್ನು ಜನರ ಮುಂದೆ ಇಡಲೇಬೇಕಿತ್ತು. ಪುರುಸೊತ್ತಿಲ್ಲದೆ, ಒಂದು ದನಿಯ ನಕ್ಷೆಯನ್ನು ಬರೆದು ಅದನ್ನೇ ಮೂರು ಸಲ ಅಚ್ಚೊತ್ತಿದರು. ಸಿಡ್‌ಗೆ ಮೂರೇ ದನಿ ಇರುವುದರ ಹಿಂದಿನ ಕಾರಣ ಇದು, ಗಡುವು. ಮುಂದೆ ಯಾನ್ನೆಸ್ ಕಮೊಡೋರ್ ಬಿಟ್ಟು ಗೆಳೆಯರೊಡನೆ ಎನ್ಸೋನಿಕ್ ಕಂಪನಿ ಕಟ್ಟಿದರು. ತಮ್ಮ ಬಹುದನಿಯ ಆಸೆಯನ್ನು ಅಲ್ಲಿ ತೀರಿಸಿಕೊಂಡರು.

ಆ ಮೂರು ದನಿಗಳಲ್ಲಿ ಏನಿತ್ತು? ಪ್ರತಿಯೊಂದಕ್ಕೂ ನಾಲ್ಕು ಬಗೆಯ ತರಂಗ: ತ್ರಿಕೋನ, ಗರಗಸ, ಪಲ್ಸ್, ಮತ್ತೆ ಬರೀ ಸದ್ದು. ದನಿ ಹೇಗೆ ಏಳಬೇಕು, ಎಷ್ಟು ಬೇಗ ಇಳಿಯಬೇಕು, ಎಲ್ಲಿ ನಿಲ್ಲಬೇಕು, ಹೇಗೆ ಆರಬೇಕು ಎಂದು ಹೇಳುವ ಎನ್ವಲಪ್. ಏಳುವುದಕ್ಕೆ 2 ಮಿಲಿಸೆಕೆಂಡಿನಿಂದ 8 ಸೆಕೆಂಡಿನವರೆಗೆ ಎಷ್ಟು ಬೇಕಾದರೂ ಸಮಯ ಕೊಡಬಹುದು. ಒಂದು ದನಿ ಇನ್ನೊಂದನ್ನು ಕೆಣಕುವಂತೆ ಮಾಡುವ ರಿಂಗ್ ಮಾಡ್ಯುಲೇಶನ್. ಕೊನೆಗೆ ಮೂರಕ್ಕೂ ಸೇರಿ ಒಂದು ಫಿಲ್ಟರ್, ಅದು ಅಪ್ಪಟ ಅನಲಾಗ್. ಇಷ್ಟನ್ನೆಲ್ಲ ಆಳುವುದು 29 ರಿಜಿಸ್ಟರುಗಳು. ಬೇಸಿಕ್ ಭಾಷೆಯಲ್ಲಿ ಪೋಕ್ 54296,15 ಎಂದು ಟೈಪ್ ಮಾಡಿದರೆ ವಾಲ್ಯೂಮ್ ಪೂರ್ತಿ ಏರುತ್ತದೆ. ಅಲ್ಲಿಂದ ಮುಂದೆ ನಿಮ್ಮ ಪಾಡು. ಸ್ವರ ಎಂಬ ಮಾತು ಈ ಯಂತ್ರಕ್ಕೆ ಗೊತ್ತಿಲ್ಲ, ತಾಳವಂತೂ ಇಲ್ಲವೇ ಇಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ.

ಈ ಚಿಪ್ಪಿನ ಚರಿತ್ರೆ ನನ್ನನ್ನು ಹಿಡಿದುಕೊಂಡದ್ದು ಇಲ್ಲೇ. ಸ್ವರವನ್ನೂ ತಾಳವನ್ನೂ ಯಂತ್ರಕ್ಕೆ ಕಲಿಸುವ ಕೆಲಸ ಸಂಗೀತಗಾರನ ಮೇಲೆ ಬಿತ್ತು. ರಾಗ ಕಟ್ಟಿದರೆ ಸಾಲದು, ಅದನ್ನು ನುಡಿಸುವ ಪ್ರೋಗ್ರಾಂ ಕೂಡ ಅವನೇ ಬರೆಯಬೇಕು. ಅದನ್ನು ಪ್ಲೇಯರ್ ಎನ್ನುತ್ತಿದ್ದರು. ಪಿಟೀಲು ನುಡಿಸುವವನು ಪಿಟೀಲನ್ನು ಕೊಂಡು ತರುತ್ತಾನೆ. ಸಿಡ್‌ನಲ್ಲಿ ಸಂಗೀತ ಮಾಡಿದವರು ತಮ್ಮ ವಾದ್ಯವನ್ನು ಮನೆಯಲ್ಲೇ ಕೂತು, ಅಸೆಂಬ್ಲಿ ಭಾಷೆಯಲ್ಲಿ, ಒಂದೊಂದು ಬೈಟ್ ಕೂಡಿಸಿ ಕಟ್ಟಿಕೊಂಡರು.

ಇಂಗ್ಲೆಂಡಿನ ರಾಬ್ ಹಬ್ಬರ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ಹಲ್ ಊರಿನವರು. ಕಂಪ್ಯೂಟರ್ ಮುಟ್ಟುವ ಮೊದಲೇ ಅವರು ಸಂಗೀತದಿಂದ ಹೊಟ್ಟೆ ಹೊರೆಯುತ್ತಿದ್ದವರು. ಅಸೆಂಬ್ಲಿ ಭಾಷೆಯನ್ನು ತಾವೇ ಕಲಿತರು. ಸ್ವರಲಿಪಿ ಬರೆಯುವ ಸಾಫ್ಟ್‌ವೇರ್ ಏನೂ ಇರಲಿಲ್ಲ. ಸ್ವರ, ಅವಧಿ, ವಾದ್ಯದ ಬಣ್ಣ ಎಲ್ಲವನ್ನೂ ಹೆಕ್ಸಾಡೆಸಿಮಲ್ ಅಂಕಿಗಳಾಗಿ ನೇರವಾಗಿ ಕೋಡಿನೊಳಗೆ ಟೈಪ್ ಮಾಡುತ್ತಿದ್ದರು. 1985ರಲ್ಲಿ ಬಂದ ಮಾಂಟಿ ಆನ್ ದ ರನ್ ಎಂಬ ಆಟಕ್ಕೆ ಅವರು ಮಾಡಿದ ಸಂಗೀತ ಆರು ನಿಮಿಷದ ಹತ್ತಿರ ಓಡುತ್ತದೆ. ಅದನ್ನು ಕೇಳಿದವನಿಗೆ ಬರೀ ಮೂರು ದನಿ ಎಂದು ಹೇಳಿದರೆ ನಂಬಿಕೆ ಬರುವುದಿಲ್ಲ. ನಡುವೆ ಒಂದು ದನಿ ಮೇಲೆದ್ದು ಪಿಟೀಲಿನವನ ಆವೇಶದಲ್ಲಿ ಓಡತೊಡಗುತ್ತದೆ. ಕಮಾಂಡೋ ಎಂಬ ಇನ್ನೊಂದು ಆಟದ ಸಂಗೀತವನ್ನು ಆಟದ ಕಂಪನಿಯ ಆಫೀಸಿನಲ್ಲೇ ರಾತ್ರಿಯೆಲ್ಲ ಕೂತು ಮುಗಿಸಿದೆ, ಬೆಳಿಗ್ಗೆ ಕೆಲಸಕ್ಕೆ ಬಂದವರಿಗೆ ಅದೇ ಕೇಳಿಸಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಓಷನ್ ಕಂಪನಿಯ ಮಾರ್ಟಿನ್ ಗಾಲ್ವೇ, ನೆದರ್ಲೆಂಡ್ಸ್‌ನ ಯೆರೂನ್ ಟೆಲ್, ಬೆನ್ ಡ್ಯಾಗ್ಲಿಶ್ ಇವರೆಲ್ಲ ಅದೇ ಪಂಕ್ತಿಯವರು. ಪಳಗಿದ ಕಿವಿಗೆ ಮೊದಲ ಕೆಲವು ಸೆಕೆಂಡಿನಲ್ಲೇ ಇದು ಯಾರದೆಂದು ತಿಳಿಯುತ್ತದೆ. ಎಲ್ಲರ ಬಳಿ ಇದ್ದದ್ದು ಒಂದೇ ಚಿಪ್. ಪ್ಲೇಯರ್ ಮಾತ್ರ ಅವರವರದು.

ಅವರು ಕಂಡುಕೊಂಡ ಉಪಾಯಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಯೂರೋಪಿನ ಟಿವಿ ಪರದೆ ಸೆಕೆಂಡಿಗೆ 50 ಸಲ ಹೊಸದಾಗುತ್ತದೆ. ಪ್ಲೇಯರ್ ಕೂಡ ಪ್ರತಿಸಲವೂ ಒಮ್ಮೆ ಎದ್ದು ರಿಜಿಸ್ಟರುಗಳನ್ನು ತಿದ್ದಿ ಮಲಗುತ್ತದೆ. ಅಂದರೆ ಸಂಗೀತಗಾರನ ಕೈಗೆ ಸಾಮಾನ್ಯವಾಗಿ ಸಿಗುವ ಅತಿ ಚಿಕ್ಕ ಕಾಲ 20 ಮಿಲಿಸೆಕೆಂಡಿನ ಒಂದು ಫ್ರೇಮ್. ಮೂರು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್ ಬೇಕೆಂದರೆ ಮೂರೂ ದನಿ ಅದಕ್ಕೇ ಖರ್ಚಾಗುತ್ತವೆ, ಹಾಡಲು ಯಾರೂ ಉಳಿಯುವುದಿಲ್ಲ. ಅದಕ್ಕೆ ಒಂದೇ ದನಿಗೆ ಆ ಮೂರು ಸ್ವರಗಳನ್ನು 20 ಮಿಲಿಸೆಕೆಂಡಿಗೊಂದರಂತೆ ಸುತ್ತಿ ಸುತ್ತಿ ಕೊಟ್ಟರು. ಕಿವಿ ಅದನ್ನು ಒಟ್ಟು ಸೇರಿಸಿಕೊಳ್ಳುತ್ತದೆ, ಆದರೂ ಪೂರ್ತಿ ಸೇರದೆ ಒಂದು ಮಿಂಚು ಉಳಿಯುತ್ತದೆ. ಇಂದು ಹಳೆಯ ಕಂಪ್ಯೂಟರಿನ ಸಂಗೀತ ಎಂದ ಕೂಡಲೇ ಎಲ್ಲರ ಕಿವಿಗೆ ಬರುವ ಆ ಗಿರಗಿರ ನಾದ ಹುಟ್ಟಿದ್ದು ಈ ಬಡತನದಿಂದ.

ಡ್ರಮ್ಮಿಗೆ ಬೇರೆ ದನಿ ಇಲ್ಲ. ಒಂದು ಫ್ರೇಮ್ ಸದ್ದಿನ ತರಂಗ, ಮರುಕ್ಷಣ ತ್ರಿಕೋನಕ್ಕೆ ಬದಲಿಸಿ ಶ್ರುತಿಯನ್ನು ಸರ್ರನೆ ಕೆಳಗಿಳಿಸಿದರೆ ಪೆಟ್ಟು ಬಿದ್ದಂತಾಗುತ್ತದೆ. ಪೆಟ್ಟು ಮುಗಿದ ಕೂಡಲೇ ಅದೇ ದನಿ ಮಂದ್ರದ ಸ್ವರಕ್ಕೆ ಮರಳುತ್ತದೆ. ಪಲ್ಸ್ ತರಂಗದ ಅಗಲಕ್ಕೆ 4096 ಮೆಟ್ಟಿಲುಗಳಿವೆ. ಅದನ್ನು ಮೆಲ್ಲಗೆ ಹಿಗ್ಗಿಸಿ ಕುಗ್ಗಿಸಿದರೆ ಒಂದೇ ದನಿ ಇಬ್ಬರು ಸೇರಿ ನುಡಿಸಿದಷ್ಟು ದಪ್ಪವಾಗುತ್ತದೆ.

ಚಿಪ್ಪಿನ ತಪ್ಪುಗಳನ್ನೂ ಇವರು ಬಿಡಲಿಲ್ಲ. ಅದರ ಎನ್ವಲಪ್‌ನಲ್ಲಿ ಒಂದು ದೋಷವಿದೆ. ಕೆಲವು ಸನ್ನಿವೇಶಗಳಲ್ಲಿ ಸ್ವರ ಏಳುವುದು 33 ಮಿಲಿಸೆಕೆಂಡಿನಷ್ಟು ತಡವಾಗುತ್ತದೆ. ತಾಳಕ್ಕೆ ಇದು ಸಣ್ಣ ವಿಷಯವಲ್ಲ. ಮುಂದಿನ ಸ್ವರಕ್ಕೆ ಒಂದೆರಡು ಫ್ರೇಮ್ ಮೊದಲೇ ಎನ್ವಲಪ್ಪನ್ನು ಸೊನ್ನೆಗೆ ಇಳಿಸಿ ಸಿದ್ಧವಾಗಿಟ್ಟರೆ ಪೆಟ್ಟು ಕರಾರುವಾಕ್ಕಾಗಿ ಬೀಳುತ್ತದೆ ಎಂದು ಕಂಡುಕೊಂಡು ಅದಕ್ಕೆ ಹಾರ್ಡ್ ರೀಸ್ಟಾರ್ಟ್ ಎಂದು ಹೆಸರಿಟ್ಟರು. ಇನ್ನೊಂದು ದೋಷ, ವಾಲ್ಯೂಮ್ ಬದಲಿಸಿದಾಗಲೆಲ್ಲ 6581 ಟಿಕ್ ಎನ್ನುತ್ತಿತ್ತು. ಆ ಟಿಕ್‌ಗಳನ್ನೇ ಸೆಕೆಂಡಿಗೆ ಸಾವಿರಾರು ಸಲ ಬೇಕಾದ ಎತ್ತರಕ್ಕೆ ಹೊಂದಿಸಿ ನಿಜವಾದ ಡ್ರಮ್ಮಿನ, ಮನುಷ್ಯರ ಮಾತಿನ ರೆಕಾರ್ಡಿಂಗನ್ನು ಹೊರಡಿಸಿದರು. 1987ರಲ್ಲಿ ಗಾಲ್ವೇ ಆರ್ಕನಾಯ್ಡ್ ಆಟಕ್ಕೆ ಮಾಡಿದ ಸಂಗೀತದಲ್ಲಿ ಇದನ್ನು ಕೇಳಬಹುದು. ಆಮೇಲೆ ಕಮೊಡೋರ್ 8580 ಎಂಬ ತಿದ್ದಿದ ಚಿಪ್ ತಂದಿತು. ಟಿಕ್ ಬಹುತೇಕ ಹೋಯಿತು. ಅದರ ಜೊತೆಗೆ ಆ ರೆಕಾರ್ಡಿಂಗುಗಳ ದನಿಯೂ ಉಡುಗಿತು. ತಪ್ಪನ್ನು ತಿದ್ದಿದರು ಎಂದು ಸಂಗೀತಗಾರರು ಬೇಜಾರು ಮಾಡಿಕೊಂಡ ಕಥೆ ಬೇರೆ ಯಾವ ವಾದ್ಯದ ಚರಿತ್ರೆಯಲ್ಲಿದೆಯೋ ನಾನರಿಯೆ.

1986ರಲ್ಲಿ ಜರ್ಮನಿಯ ಹುಡುಗ ಕ್ರಿಸ್ ಹ್ಯೂಲ್ಸ್‌ಬೆಕ್ ಸೌಂಡ್‌ಮಾನಿಟರ್ ಎಂಬ, ಸಂಗೀತ ಬರೆಯಲು ನೆರವಾಗುವ ತನ್ನ ಪ್ರೋಗ್ರಾಂ ಅನ್ನು ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಓದುಗರು ಪುಟಗಟ್ಟಲೆ ಅಂಕಿಗಳನ್ನು ತಾವೇ ಟೈಪ್ ಮಾಡಿಕೊಂಡು ಓಡಿಸಬೇಕು. ಮಾಡಿದರು. ಮರುವರ್ಷ ಅಮಿಗಾ ಕಂಪ್ಯೂಟರಿಗೆ ಕಾರ್ಸ್ಟನ್ ಒಬಾರ್ಸ್ಕಿ ಅವರ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಬಂತು, ಅಲ್ಲಿಂದ ಟ್ರ್ಯಾಕರ್‌ಗಳ ಸಂತತಿ ಬೆಳೆಯಿತು. ಮೇಲಿನಿಂದ ಕೆಳಗೆ ಹರಿಯುವ ಅಂಕಿಗಳ ಸಾಲಾಗಿ ಸಂಗೀತ ಬರೆಯುವ ಪದ್ಧತಿ ಅದು. ಕ್ಯಾಲ್ವಿನ್ ಹ್ಯಾರಿಸ್ 2007ರಲ್ಲಿ ಹೊರತಂದ ತಮ್ಮ ಮೊದಲ ಆಲ್ಬಮ್ಮನ್ನು ಮಾಡಿದ್ದು ಅಮಿಗಾ ಮೇಲೆ, ಒಕ್ಟಾಮೆಡ್ ಎಂಬ ಟ್ರ್ಯಾಕರಿನಲ್ಲಿ. ವಾದ್ಯಗಳನ್ನು ಜೋಡಿಸುವ ಮಿಡಿ ಪೋರ್ಟುಗಳನ್ನು ಹೊತ್ತುಕೊಂಡೇ 1985ರಲ್ಲಿ ಹುಟ್ಟಿದ ಅಟಾರಿ ಎಸ್‌ಟಿಯನ್ನು ಫ್ಯಾಟ್‌ಬಾಯ್ ಸ್ಲಿಮ್ ದಶಕಗಳ ಕಾಲ ಬಿಡಲಿಲ್ಲ. ಅವರಿಬ್ಬರ ಸಂಗೀತದ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ. ಆದರೆ ಕೈಗೆ ಪಳಗಿದ ಯಂತ್ರವನ್ನು ಮಾರುಕಟ್ಟೆ ಹೇಳಿತೆಂದು ಎಸೆಯದ ಅವರ ನಡತೆ ಮೆಚ್ಚುಗೆಯಾಗುತ್ತದೆ.

ಕಮೊಡೋರ್ ಕಂಪನಿ 1994ರಲ್ಲಿ ದಿವಾಳಿಯಾಯಿತು. ಸಿಡ್ ಈಗ ತಯಾರಾಗುವುದಿಲ್ಲ. ಉಳಿದಿರುವುದು ಹಳೆಯ ಯಂತ್ರಗಳಲ್ಲಿರುವುದಷ್ಟೇ. ಬೇರೆ ಐಸಿಯ ಅಂಕಿ ಉಜ್ಜಿ ಹಾಕಿ 6581 ಎಂದು ಮತ್ತೆ ಅಚ್ಚೊತ್ತಿದ ನಕಲಿ ಮಾಲೂ ಓಡಾಡುತ್ತಿದೆ. ನನ್ನ ಬಳಿ ಇರುವ ಕಮೊಡೋರ್ ಇಂಗ್ಲೆಂಡಿನಲ್ಲಿರುವ ನನ್ನ ಷಡ್ಡಕನ ಮೂಲಕ ಬಂತು. ಅದನ್ನು ಆನ್ ಮಾಡುವ ಮೊದಲು ನಾನು ಮಾಡಿದ ಕೆಲಸ ಅದರ ಪವರ್ ಸಪ್ಲೈಯನ್ನು ಬದಿಗಿಟ್ಟದ್ದು. ಒಳಗೆ ಅಂಟು ತುಂಬಿ ಗಟ್ಟಿ ಮಾಡಿದ ಆ ಕಪ್ಪು ಡಬ್ಬಿಯನ್ನು ಬಿಚ್ಚಿ ರಿಪೇರಿ ಮಾಡುವಂತಿಲ್ಲ. ಒಳಗಿನ ರೆಗ್ಯುಲೇಟರ್ ವಯಸ್ಸಾಗಿ ಕೆಟ್ಟರೆ 5 ವೋಲ್ಟ್ ಇರಬೇಕಾದ ಕಡೆ ಅದಕ್ಕಿಂತ ಹೆಚ್ಚು ನುಗ್ಗಿ ಚಿಪ್‌ಗಳನ್ನು ಸುಡುತ್ತದೆ. ಎಸ್‌.ಪಿ. ರೋಡಿನಿಂದ ಟ್ರಾನ್ಸ್‌ಫಾರ್ಮರು, ರೆಗ್ಯುಲೇಟರು ತಂದು ಹೊಸದನ್ನೇ ಕಟ್ಟಿದೆ. ಸಿಡ್‌ಗೆ ಸಣ್ಣ ಹೀಟ್‌ಸಿಂಕ್ ಅಂಟಿಸಿದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನೆಲ್ಲ ಬದಲಿಸಿದೆ.

ಫಿಲ್ಟರಿಗೆ ಸೇರಿದ 470 ಪಿಕೋಫ್ಯಾರಡ್‌ನ ಎರಡು ಕೆಪಾಸಿಟರುಗಳನ್ನು ಮಾತ್ರ ಮುಟ್ಟಲಿಲ್ಲ. ಅದಕ್ಕೆ ಕಾರಣವಿದೆ. 6581ರ ಫಿಲ್ಟರ್ ಒಂದು ಚಿಪ್ಪಿನಲ್ಲಿದ್ದಂತೆ ಇನ್ನೊಂದರಲ್ಲಿಲ್ಲ. ಕಾರ್ಖಾನೆಯಲ್ಲಿ ಟ್ರಾನ್ಸಿಸ್ಟರುಗಳ ಗುಣ ಒಂದು ತಂಡದಿಂದ ಇನ್ನೊಂದಕ್ಕೆ ವ್ಯತ್ಯಾಸವಾಗುತ್ತಿತ್ತು. ಒಂದೇ ಸಂಗೀತ ಒಂದು ಮನೆಯಲ್ಲಿ ತಿಳಿಯಾಗಿ, ಪಕ್ಕದ ಮನೆಯಲ್ಲಿ ಕಂಬಳಿ ಹೊದ್ದಂತೆ ಕೇಳಿಸುತ್ತಿತ್ತು. ಕೆಲವರು ಈ ಗೊಡವೆಯೇ ಬೇಡವೆಂದು ಫಿಲ್ಟರನ್ನು ಬಿಟ್ಟೇ ಸಂಗೀತ ಮಾಡಿದರು. ಇನ್ನು ಕೆಲವರು ತಮ್ಮ ಮೇಜಿನ ಮೇಲಿದ್ದ ಚಿಪ್ಪನ್ನೇ ನಂಬಿ ಅದಕ್ಕೆ ಹೊಂದಿಸಿ ಬರೆದರು. ಈಗ ಸಿಡ್ ಅನ್ನು ಅನುಕರಿಸುವ ಒಳ್ಳೆಯ ಸಾಫ್ಟ್‌ವೇರ್ ಇದೆ. ಹೈ ವೋಲ್ಟೇಜ್ ಸಿಡ್ ಕಲೆಕ್ಷನ್ ಎಂಬ ಸಂಗ್ರಹದಲ್ಲಿ ಅಭಿಮಾನಿಗಳು 50,000ಕ್ಕೂ ಹೆಚ್ಚು ರಚನೆಗಳನ್ನು ಕೂಡಿಟ್ಟಿದ್ದಾರೆ, ಯಾವ ವಿಶ್ವವಿದ್ಯಾಲಯವೂ ನಾಚಬೇಕಾದ ಕೆಲಸ. ಆದರೂ ಅನುಕರಣೆ ಯಾವುದೋ ಒಂದು ಚಿಪ್ಪಿನ ಅಥವಾ ಹಲವು ಚಿಪ್ಪುಗಳ ಸರಾಸರಿಯ ಅನುಕರಣೆ. ನನ್ನ ಮುಂದಿರುವ ಚಿಪ್ಪಿನ ಫಿಲ್ಟರ್ ಸ್ವಲ್ಪ ಮಂಕು, ಎತ್ತರಕ್ಕೆ ಹೋದಂತೆ ಒರಟು. ಅದಕ್ಕೆ ತಕ್ಕ ಅಂಕಿಗಳನ್ನು ನಾನು ಹುಡುಕಿಕೊಳ್ಳಬೇಕು. ಮೃದಂಗದವರು ಕಛೇರಿಗೆ ಮುಂಚೆ ಎಡಬದಿಗೆ ರವೆ ಮೆತ್ತಿ ತಟ್ಟಿ ನೋಡಿ, ಸ್ವಲ್ಪ ತೆಗೆದು ಮತ್ತೆ ಮೆತ್ತುತ್ತಾರಲ್ಲ, ಆ ಬಗೆಯ ಕೆಲಸ ಇದು.

2019ರ ಜೂನ್‌ನಲ್ಲಿ ಹಲ್ ನಗರದಲ್ಲಿ ಪೂರ್ಣ ಪ್ರಮಾಣದ ಆರ್ಕೆಸ್ಟ್ರಾ ಈ ಆಟಗಳ ಸಂಗೀತವನ್ನು ನುಡಿಸಿತು. ಹಬ್ಬರ್ಡ್ ಹುಟ್ಟೂರಿಗೆ ಸಲ್ಲಬೇಕಾದ ಗೌರವವೇ. ಆದರೆ ತಂತಿ ವಾದ್ಯಗಳ ಸಾಲು ಕಾರ್ಡನ್ನು ನೆಮ್ಮದಿಯಾಗಿ ಹಿಡಿದು ನಿಂತಾಗ ಆ 20 ಮಿಲಿಸೆಕೆಂಡಿನ ಗಿರಗಿರ ಹೋಗಿಬಿಡುತ್ತದೆ. ಅದು ಸಂಗೀತದ ಕೊರತೆಯಾಗಿರಲಿಲ್ಲ, ಸಂಗೀತವೇ ಆಗಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮಲ್ಲಿ ಕಮೊಡೋರ್ ಮನೆಮನೆಗೆ ಬರಲಿಲ್ಲ. ನನ್ನ ಪೀಳಿಗೆಯ ಕೆಲವು ಶಾಲಾ ಮಕ್ಕಳಿಗೆ ಸಿಕ್ಕಿದ್ದು ಬಿಬಿಸಿ ಮೈಕ್ರೋ. 1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಎಂಬ ಯೋಜನೆಯಲ್ಲಿ ಶಾಲೆಗಳಿಗೆ ಆ ಬ್ರಿಟಿಷ್ ಕಂಪ್ಯೂಟರುಗಳನ್ನು ಹಂಚಿತು. ಮೈಸೂರಿನ ನಮ್ಮ ಶಾಲೆಗೂ ಬಂದವು. ಅದರಲ್ಲಿ ಸೌಂಡ್ ಎಂಬ ಆಜ್ಞೆ ಇತ್ತು. ಮನೆಯಲ್ಲಿ ಸೋದರತ್ತೆ ವೀಣೆ ಪಾಠ ಹೇಳುತ್ತಿದ್ದರು, ಹಾಗಾಗಿ ಆ ಆಜ್ಞೆ ಕಂಡ ಕೂಡಲೇ ನನಗೆ ಹೊಳೆದದ್ದು ಸರಳೆ ವರಸೆ. ಪುರಂದರದಾಸರ ಹೆಸರಿನಲ್ಲಿ ಎಲ್ಲ ಮಕ್ಕಳೂ ಮಾಯಾಮಾಳವಗೌಳದಲ್ಲಿ ಕಲಿಯುವ ಮೊದಲ ಪಾಠ. ಸ ರಿ ದಾಟಿ ಗಾಂಧಾರಕ್ಕೆ ಬಂದರೆ ಏನೋ ಹುಳಿ. ಬಿಬಿಸಿ ಮೈಕ್ರೋ ಒಂದು ಸ್ಥಾಯಿಯನ್ನು 48 ಸಮ ಭಾಗ ಮಾಡುತ್ತದೆ. ತಂಬೂರಿಯ ಮಂದ್ರ ಷಡ್ಜದೊಳಗೆ ತಾನಾಗಿ ಕೇಳುವ ಅಂತರ ಗಾಂಧಾರ ಅದರ 15ಕ್ಕೂ 16ಕ್ಕೂ ನಡುವೆ ಕೂರುತ್ತದೆ. ಎರಡರಲ್ಲಿ ಯಾವುದನ್ನು ಒತ್ತಿದರೂ ಅತ್ತೆಯ ಮನೆಯ ಗಾಂಧಾರವಲ್ಲ. ಅದೇ ಕಾಲಕ್ಕೆ ಬೆಂಗಳೂರಿನಲ್ಲಿ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿ ಆಗಲೇ ಕಛೇರಿಗಳಿಗೆ ಹೊಕ್ಕಿತ್ತು. ಕೊಳಲು ನುಡಿಸುವ ಎಂಜಿನಿಯರ್ ಒಬ್ಬರು ಕಿವಿಯಿಂದ ಹೊರಟು ಸರ್ಕ್ಯೂಟಿಗೆ ಬಂದ ಕೆಲಸ ಅದು. ಶಾಲೆಯ ಯಂತ್ರ ಹಾಗಿರಲಿಲ್ಲ.

ಸಿಡ್‌ನ ಶ್ರುತಿ ರಿಜಿಸ್ಟರ್ 16 ಬಿಟ್ಟಿನದು. ಯೂರೋಪಿನ ಕಮೊಡೋರ್‌ನಲ್ಲಿ ಒಂದು ಅಂಕಿ ಏರಿಸಿದರೆ ಶ್ರುತಿ ಸುಮಾರು 0.06 ಹರ್ಟ್ಸ್ ಏರುತ್ತದೆ. ಅಷ್ಟು ನವಿರು. ಒಂದನೇ ಕಟ್ಟೆಗೆ ಷಡ್ಜ 4455. ಅದರ ಮೇಲೆ ಪಿಯಾನೋ ಲೆಕ್ಕದ ಗಾಂಧಾರ 5613, ತಂಬೂರಿಯ ಗಾಂಧಾರ 5569. ಮಂದ್ರ ಪಂಚಮ 3341. ಪಾಶ್ಚಾತ್ಯ ಕಿವಿಗೆಂದು ಹುಟ್ಟಿದ ಯಂತ್ರದೊಳಗೆ ನಮ್ಮ ಸ್ವರಸ್ಥಾನಗಳು ಇಷ್ಟು ನಿರಾಳವಾಗಿ ಕೂರುತ್ತವೆ ಎಂದು ಗೊತ್ತಾದ ದಿನ ನಾನು ಅಂಗಡಿ ಬಾಗಿಲು ತೆಗೆಯಲಿಲ್ಲ.

ಪ್ಲೇಯರ್ ನಾನೇ ಬರೆದೆ. ಬೇರೆಯವರ ಪ್ಲೇಯರ್‌ಗಳಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಸೌಲಭ್ಯ ಇದೆ, ಗಮಕ ಇಲ್ಲ. ಮೊದಲು ಹಿಡಿದದ್ದು ತೋಡಿಯ ಗಾಂಧಾರ. ಅದು ನಿಲ್ಲುವ ಸ್ವರವಲ್ಲ, ರಿಷಭ ಮಧ್ಯಮಗಳ ನಡುವೆ ತೂಗುವ ಸ್ವರ. ಅಂಕಿಗಳಲ್ಲಿ 4752ರಿಂದ 5940ರವರೆಗಿನ ಹರವು. ಸೆಕೆಂಡಿಗೆ 50 ಸಲ ತಿದ್ದಿದರೆ ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತಿತ್ತು. ಫ್ರೇಮಿಗೆ ನಾಲ್ಕು ಸಲ ಪ್ಲೇಯರ್ ಏಳುವಂತೆ ಮಾಡಿ 200ಕ್ಕೆ ಏರಿಸಿದೆ. ಜಾರಿಕೆ ನುಣುಪಾಯಿತು. ಅತ್ತೆಗೆ ಈಗ ವಯಸ್ಸಾಗಿದೆ, ಬೆರಳು ಮೊದಲಿನಂತೆ ತಂತಿ ಎಳೆಯುವುದಿಲ್ಲ, ಕಿವಿ ಮಾತ್ರ ಹಾಗೆಯೇ ಇದೆ. ಕಮೊಡೋರನ್ನು ಅವರ ಮನೆಯ ಟಿವಿಗೆ ಸಿಕ್ಕಿಸಿ ಕೇಳಿಸಿದೆ.

"ಶ್ರುತಿ ಚೆನ್ನಾಗಿದೆ ಕಣೋ," ಎಂದರು. "ಆದ್ರೆ ಮೇಲಕ್ಕೆ ಹೋದಷ್ಟೇ ಹೊತ್ತಲ್ಲಿ ಕೆಳಕ್ಕೆ ಬರ್ತಾ ಇದ್ದೀಯ. ಉಯ್ಯಾಲೆ ಆಡಿಸ್ತಾ ಇದ್ದೀಯೇನೋ?"

"ಹಾಗಾದ್ರೆ ಹೇಗಿರ್ಬೇಕು ಅತ್ತೆ? ನೀವೇ ಒಂದ್ಸಲ ಹಾಡಿ."

ಹಾಡಿದರು. ನಾನು ಫೋನಿನಲ್ಲಿ ಹಿಡಿದುಕೊಂಡೆ. ಮನೆಗೆ ಬಂದು ಅವರ ದನಿಯ ಶ್ರುತಿರೇಖೆಯನ್ನು ಕಂಪ್ಯೂಟರಿನ ಪರದೆಯ ಮೇಲೆ ಎಳೆದು ನೋಡಿದರೆ ಅವರು ಹೇಳಿದ್ದು ಅಕ್ಷರಶಃ ಅಲ್ಲಿತ್ತು. ಒಂದು ತೂಗು ಇನ್ನೊಂದರಂತಿಲ್ಲ. ಮೇಲೆ ಮುಟ್ಟುವ ತಾಣ ಪ್ರತಿಸಲ ಸ್ವಲ್ಪ ಬೇರೆ, ಕೆಳಗೆ ಬಂದಾಗ ಒಂದು ಗಳಿಗೆ ತಡೆದು ನಿಲ್ಲುತ್ತದೆ. ಆ ರೇಖೆಯನ್ನು ಅಂಕಿಗಳ ಪಟ್ಟಿಯಾಗಿ ಬರೆದು ಪ್ಲೇಯರಿನೊಳಗೆ ಇಟ್ಟೆ. ಪಲ್ಸಿನ ಅಗಲವನ್ನೂ ಅದರ ಜೊತೆಗೇ ಬದಲಾಗುವಂತೆ ಮಾಡಿದೆ, ಏಕೆಂದರೆ ವೀಣೆಯಲ್ಲಿ ತಂತಿ ಎಳೆದಾಗ ಶ್ರುತಿಯ ಜೊತೆ ನಾದದ ಬಣ್ಣವೂ ಬಿಗಿಯಾಗುತ್ತದೆ. ಎರಡನೆಯ ಸಲ ಕೇಳಿಸಿದಾಗ ಅತ್ತೆ ತಲೆದೂಗಲಿಲ್ಲ. ಮತ್ತೊಮ್ಮೆ ಹಾಕು ಎಂದರು, ಇನ್ನೊಮ್ಮೆ ಹಾಕು ಎಂದರು, ಆಮೇಲೆ ಕಾಂಬೋಧಿಯ ನಿಷಾದ ಮಾಡಿಕೊಂಡು ಬಾ ಎಂದರು. ಒಂದು ದನಿ ಹಾಡಿಗೆ ಹೋದರೆ ಉಳಿದ ಎರಡರಲ್ಲಿ ತಂಬೂರಿಯ ಪಂಚಮ, ಷಡ್ಜ, ಮಂದ್ರ ಷಡ್ಜ ಮೂರನ್ನೂ ಹೇಗೆ ಕೂರಿಸುವುದು ಎಂಬುದನ್ನು ಈಗ ನೋಡುತ್ತಿದ್ದೇನೆ. ಒಂದು ಮೀಟಿನ ನಾದ ಆರುವ ಮೊದಲೇ ಮುಂದಿನ ಮೀಟು ಬರಬೇಕು, ಹಿಂದಿನದನ್ನು ಅಳಿಸಲೂ ಬಾರದು. ಎನ್ವಲಪ್ಪಿನ ಇಳಿಗಾಲವನ್ನು 24 ಸೆಕೆಂಡಿನವರೆಗೆ ಎಳೆಯಬಹುದು. ಅಷ್ಟು ಬೇಕಾಗಿಲ್ಲ. ಮೂರು ಸೆಕೆಂಡಿನಿಂದ ಶುರು ಮಾಡಿದ್ದೇನೆ.